ಕಸದ ಬುಟ್ಟಿಯಲ್ಲಿ ಶಿರಗುಪ್ಪಿಯ ಹೊಲಗಳು

ಇದು ಖರೇ ನಡೆದದ್ದು. ಇದರಲ್ಲಿ ಒಂದು ಮಾತು ಸುಳ್ಳಾದರೂ ನನ್ನ ಬಾಯಲ್ಲಿ ಉಳಿದಿರುವ ಹಲ್ಲುಗಳು ನಾಳೆ ಮುಂಜಾನೆಯ ಮೊದಲ ರೊಟ್ಟಿಗೇ ಉದುರಲಿ, ಉದುರಿದ ಹಲ್ಲು ನನಗಾಗದವರ ಬಾಯಲ್ಲಿ ಹುಟ್ಟಲಿ. ಶಿರಗುಪ್ಪಿಯ ಗದಿಗೆಯ್ಯ ಆಕಳಿಗೆ ರೆಕ್ಕೆ ಹಚ್ಚಿ ಹಾರಿಸುವ ಮನುಷ್ಯ ಎಂದು ಜನ ಹೇಳುತ್ತಾರೆ. ಹಾರಿಸಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಈ ಆಕಳು ನೆಲದ ಮೇಲೆ ನಡೆದೇ ಹೋದದ್ದು.

ನನ್ನ ಅಕ್ಕ ರತ್ನವ್ವನ ಮನೆ ಧಾರವಾಡದ ಸಪ್ತಾಪುರದಲ್ಲಿದೆ. ಕೆಳಗೆ ಅವರು, ಮಾಳಿಗೆಯ ಮೇಲೆ ಬಾಡಿಗೆಗೆ ಓದುವ ಹುಡುಗಿಯರು. ಎರಡು ಸಾವಿರದ ಮೂರನೆಯ ಇಸವಿಯ ದಸರೆಯ ಮುಂದೆ ನಾನು ಮೊಣಕಾಲು ತೋರಿಸಲೆಂದು ಅಲ್ಲಿಗೆ ಹೋದೆ. ಮೊಣಕಾಲು ಬೇಗ ನೆಟ್ಟಗಾಯಿತು. ಅಕ್ಕನ ಬದನೆಕಾಯಿ ಎಣಗಾಯಿಯ ರುಚಿಗೆ ಅದು ಮತ್ತೆ ನೋಯಲು ಶುರುಮಾಡಿತು. ಹಾಗಾಗಿ ಉಳಿದೆ.

ಅಕ್ಕನ ಗಂಡ ಶಾಂತಯ್ಯ ಮಾವ ಅಂದರೆ ಓಣಿಗೇ ದೊಡ್ಡವರು. ಹುಬ್ಬಳ್ಳಿಯಲ್ಲಿ ಕಾಳಿನ ಅಂಗಡಿ ನಡೆಸಿ, ಅದನ್ನು ಮಗ ಕುಮಾರಸ್ವಾಮಿಯ ಕೈಗೆ ಕೊಟ್ಟು, ಹಣೆಯ ತುಂಬ ವಿಭೂತಿ ಬಳಿದು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅಣ್ಣ ತಮ್ಮ ಜಗಳವಾಡಿದರೆ ಅಲ್ಲಿಗೇ ಬರುತ್ತಿದ್ದರು. "ತಪ್ಪು ಮಾಡಾವ ಮನಷ್ಯಾನ, ಮುಚ್ಚಿಡಾವ ಕಳ್ಳ" ಎಂದು ಹೇಳಿ ಇಬ್ಬರಿಗೂ ಬೆಲ್ಲ ಕೊಟ್ಟು ಕಳಿಸುತ್ತಿದ್ದರು.

ಸೊಸೆ ಆರತಿ ಪಡಸಾಲೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಓದುವವರ ಪುಸ್ತಕ ಟೈಪ್ ಮಾಡಿಕೊಡುತ್ತಿದ್ದಳು. ಅತ್ತೆಯಾದ ನನ್ನ ಅಕ್ಕನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ.

"ಆರತೀ, ರೊಟ್ಟಿಗಿಟ್ಟ ಎಸರು ಕುದ್ದು ಕುದ್ದು ಬತ್ತಿತು!"

"ಒಂದ ಸಾಲು ಉಳದೈತ್ರಿ ಅತ್ತಿಯಾರ, ಬಂದೆ."

"ನಿನ್ನ ಒಂದ ಸಾಲು ಬೆಳಗಾವಿ ಮುಟ್ಟಿ ಬರ್ತೈತಿ."

"ಇರ್ಲಿ ಬಿಡ. ಅದೂ ಕೆಲಸಾನ ಅಲ್ಲೇನು?" ಎಂದು ಮಾವ ಕಟ್ಟೆಯಿಂದಲೇ ಅನ್ನುತ್ತಿದ್ದರು.

"ನಿಮಗೇನ್ರಿ. ತಾಟಿಗೆ ಬಿದ್ದ ರೊಟ್ಟಿ ಗೊತ್ತು, ಹಂಚಿನ ಮ್ಯಾಲಿನ ರೊಟ್ಟಿ ಗೊತ್ತಿಲ್ಲ."

ಮಾವನಿಗೆ ಸೊಸೆ ಅಂದರೆ ಅಷ್ಟು ಅಭಿಮಾನ. ಅವಳೂ ಅವರಿಗೆ ಕಂಪ್ಯೂಟರಿನಲ್ಲಿ 'ಓಂ ನಮಃ ಶಿವಾಯ' ಬರೆಯಲು ಕಲಿಸಿದ್ದಳು. ಯಾವ ಗುಂಡಿ ಯಾವ ಅಕ್ಷರ ಎಂದು ತಿಳಿಯಲಿ ಅಂತ ಆ ಗುಂಡಿಗಳಿಗೆ ಮಾತ್ರ ಕೆಂಪು ಶಾಯಿಯ ಚೀಟಿ ಅಂಟಿಸಿದ್ದಳು. ದಿನಾ ಲಿಂಗಪೂಜೆ ಮುಗಿಸಿ ಬಂದು, ಒಂದೇ ಬೆರಳಿನಿಂದ, ಕೋಳಿ ಕಾಳು ಕುಕ್ಕಿದ ಹಾಗೆ ಬರೆಯುತ್ತಿದ್ದರು.

"ಇದು ಇಲ್ಲೇ ಉಳೀತೈತೇನವಾ?"

"ಉಳಸಬೇಕಂದ್ರ ಈ ಗುಂಡಿ ಒತ್ರಿ ಮಾವಾರ. ಒಳಗ ಹೋಗಿ ಕುಂದರ್ತೈತಿ."

"ಶಿವನ ಹೆಸರು ಒಳಗ ಕುಂದ್ರಬೇಕು ನೋಡು" ಎಂದು ಒತ್ತುತ್ತಿದ್ದರು. ಆ ಚೀಟಿಗಳ ನೆನಪಿಡಿರಿ.

ಮೇಲಿನ ಕೋಣೆಯ ಸುಮಲತಾ ಯುನಿವರ್ಸಿಟಿಯಲ್ಲಿ ಪಿಎಚ್.ಡಿ. ಮಾಡುವ ಹುಡುಗಿ. ಅವಳು ಬರೆಯುತ್ತಿದ್ದದ್ದು ಹೊಲಗಳ ಹೆಸರಿನ ಬಗ್ಗೆ. ಯಾವ ಹೊಲಕ್ಕೆ ಏನು ಹೆಸರು, ಆ ಹೆಸರು ಯಾಕೆ ಬಂತು ಎಂದು ಸುಳ್ಳ ಮತ್ತು ಶಿರಗುಪ್ಪಿ ಊರುಗಳ ಬದುಗಳ ಮೇಲೆ ಬಿಸಿಲಲ್ಲಿ ನಿಂತು ಕೇಳಿ ಬರೆದುಕೊಂಡಿದ್ದಳು. ಕುಂಟೆತ್ತಿನ ಹೊಲ, ಅತ್ತಿ ಅತ್ತ ಹೊಲ, ಗುಬ್ಬಿ ಪಟ್ಟಿ, ದೆವ್ವನ ತೆವರಿ. ನಾನೂ ಕೆಲವು ಹೇಳಿದ್ದೆ. ಹೆಸರು ಖರೇ ಇದ್ದವು. ಕತೆಗೆ ಸ್ವಲ್ಪ ಒಗ್ಗರಣೆ ಹಾಕಿದ್ದೆ.

ಕೊನೆಯ ಅಧ್ಯಾಯವನ್ನು ಆರತಿ ಟೈಪ್ ಮಾಡಿ ಮುಗಿಸಿದಳು. ಸುಮಲತಾ ಪಕ್ಕದಲ್ಲೇ ಕೂತು ತಿದ್ದಿಸಿದಳು. "ಇನ್ನ ಈ ಕೈಬರಹದ ಹಾಳಿ ಯಾಕಬೇಕು ಆಂಟಿ, ಕೋಣ್ಯಾಗ ಜಿರಳಿ ಆಗ್ಯಾವು" ಎಂದು, ಹೊಲದಲ್ಲಿ ಬರೆದುಕೊಂಡ ಚೀಟಿಗಳ ಸಮೇತ ಕಟ್ಟನ್ನು ಅಕ್ಕನಿಗೆ ಕೊಟ್ಟಳು. ಅಕ್ಕ ಅದನ್ನು ಬಚ್ಚಲ ಒಲೆಗೆ ಹಾಕಿದಳು. ಆ ವಾರ ಮನೆಮಂದಿಯೆಲ್ಲ ಶಿರಗುಪ್ಪಿಯ ಹೊಲಗಳಿಂದ ಕಾದ ನೀರಿನಲ್ಲೇ ಜಳಕ ಮಾಡಿದೆವು. ದೀಪಾವಳಿಯೊಳಗೆ ಯುನಿವರ್ಸಿಟಿಗೆ ಪುಸ್ತಕ ಒಪ್ಪಿಸಬೇಕು, ಇಲ್ಲದಿದ್ದರೆ ಹೆಸರೇ ರದ್ದು. ದಸರೆ ಮುಗಿದು ಅಂಗಡಿ ತೆರೆದ ಕೂಡಲೇ ಪ್ರಿಂಟ್ ತೆಗೆಸುವುದೆಂದು ಮಾತಾಯಿತು.

ಅಷ್ಟರಲ್ಲಿ ದಸರೆ ಸೂಟಿಗೆ ಅಕ್ಕನ ಮೊಮ್ಮಕ್ಕಳ ದಂಡು ಬಂತು. ಮಕ್ಕಳಲ್ಲ ಅವು, ಕಾಳು ತುಂಬಿದ ಹಗೇವಿನಿಂದ ಎದ್ದ ಹೆಗ್ಗಣ. ಅಧ್ಯಾಯದ ನಕಲು ಒಂದು ಫ್ಲಾಪಿಯಲ್ಲಿತ್ತು. ಅದರ ತಗಡು ಹಿರಿದು ಗಾಳಿಪಟದ ಬಾಲಕ್ಕೆ ಕಟ್ಟಿದವು. ಕಂಪ್ಯೂಟರಿನಲ್ಲಿ ಕಾರಿನ ಆಟ ಆಡುತ್ತ ಕಂಡದ್ದನ್ನೆಲ್ಲ ತೆರೆದು ಒತ್ತುತ್ತಿದ್ದವು.

ಆಗ ಆರತಿಗೆ ಅತ್ತೆಯದೇ ಒಂದು ಉಪಾಯ ನೆನಪಾಯಿತು. ಅಕ್ಕ ತನ್ನ ಕಿವಿಯ ಬಂಗಾರದ ಬೆಂಡೋಲಿಯನ್ನು ಟ್ರಂಕಿನಲ್ಲಿ ಇಡುವುದಿಲ್ಲ. ಹರಕು ಅರಿವೆಯಲ್ಲಿ ಗಂಟು ಕಟ್ಟಿ, ಮೂಲೆಯ ಚಿಂದಿ ಬುಟ್ಟಿಯ ತಳಕ್ಕೆ ಹಾಕುತ್ತಾಳೆ. "ಕಳ್ಳ ಕಸದ ಕಡೆ ನೋಡಂಗಿಲ್ಲ" ಎಂದು ಸೊಸೆಗೆ ಮದುವೆಯಾದ ಹೊಸತರಲ್ಲೇ ಕಲಿಸಿದ್ದಳು. ಕಂಪ್ಯೂಟರಿನಲ್ಲೂ ಒಂದು ಕಸದ ಬುಟ್ಟಿ ಇರುತ್ತದೆ. ಬೇಡವಾದದ್ದು ಅದರೊಳಗೆ ಹೋಗಿ ಬೀಳುತ್ತದೆ, ಬೇಕೆಂದರೆ ತಿರುಗಿ ತೆಗೆಯಬಹುದು. ಆರತಿ ಆ ಅಧ್ಯಾಯವನ್ನು ಅದರಲ್ಲಿ ಹಾಕಿಟ್ಟಳು. ಮಕ್ಕಳು ಹೋದ ಮೇಲೆ ತೆಗೆದರಾಯಿತು ಎಂದುಕೊಂಡಳು. ಶಾಣ್ಯಾ ಹುಡುಗಿ ಮಾಡಿದ ಕೆಲಸವೇ.

ಖಂಡೇಪೂಜೆಯ ದಿನ ಬಂತು. ಈಳಿಗೆ, ಕೊಡಲಿ, ಕುಮಾರಸ್ವಾಮಿಯ ಸ್ಕೂಟರು, ಕಂಪ್ಯೂಟರು, ಎಲ್ಲವನ್ನೂ ಒರೆಸಿ ವಿಭೂತಿ ಹಚ್ಚಿ ಚೆಂಡುಹೂವು ಏರಿಸಿದರು. ಪೂಜೆ ಮಾಡುವಾಗ ಯಂತ್ರ ಚಾಲೂ ಇರಬೇಕೆಂದು ಕಂಪ್ಯೂಟರನ್ನೂ ಹಚ್ಚಿಟ್ಟರು. ಮುಂದೆ ನಡೆದದ್ದು ನನಗೆ ತಿಳಿದದ್ದು ಬಹಳ ತಡವಾಗಿ. ನಿಮ್ಮನ್ನು ಯಾಕೆ ಕಾಯಿಸಲಿ, ಈಗಲೇ ಹೇಳುತ್ತೇನೆ.

ಸಂಜೆ ಅತ್ತೆ ಸೊಸೆ ಆಚೆಮನೆಗೆ ಉಡಿ ತುಂಬಿಸಿಕೊಳ್ಳಲು ಹೋದರು. ನಾನು ಮಕ್ಕಳ ದಂಡಿನೊಂದಿಗೆ ಹೊರಗಿದ್ದೆ. ಮಾವ ಒಬ್ಬರೇ. ದೀಪ ಹಚ್ಚುವ ಮೊದಲು ಮನೆಯ ಕಸ ಹೊರಗೆ ಹೋಗಬೇಕು, ದೀಪ ಹಚ್ಚಿದ ಮೇಲೆ ಕಸ ಚೆಲ್ಲಿದರೆ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ ಎಂಬುದು ಆ ಮನೆಯ ಕಟ್ಟಳೆ. ಮಾವ ಅಡುಗೆಮನೆಯ ಕಸ ಚೆಲ್ಲಿದರು, ಅಂಗಳದ್ದು ಚೆಲ್ಲಿದರು. ಬತ್ತಿ ಹಿಡಿದು ದೇವರ ಮುಂದೆ ಹೋಗುವಾಗ ಕಣ್ಣಿಗೆ ಬಿದ್ದದ್ದು ಕಂಪ್ಯೂಟರಿನ ಪರದೆ. ಅದರಲ್ಲೊಂದು ಬುಟ್ಟಿ, ಬುಟ್ಟಿಯ ತುಂಬ ಕಾಗದದ ಕಸ. ಹಬ್ಬದ ದಿನ! ವಿಭೂತಿ ಹಚ್ಚಿದ ಯಂತ್ರದೊಳಗೆ! ಸೊಸೆ ಮರೆತಿದ್ದಾಳೆ ಎಂದು ಅಲ್ಲಿ ಇಲ್ಲಿ ಒತ್ತಿ ನೋಡಿದರು. 'ಎಂಪ್ಟಿ' ಎಂಬ ಮಾತು ಕಂಡಿತು. ಕಾಳಿನ ಅಂಗಡಿಯಲ್ಲಿ ಖಾಲಿ ಚೀಲಕ್ಕೆ ಜೀವಮಾನವೆಲ್ಲ ಎಂಪ್ಟಿ ಎಂದವರು ಅವರು. ಒತ್ತಿದರು. ಯಂತ್ರ ಏನೋ ಕೇಳಿತು. ಹೂಂ ಎಂದರು. ಬುಟ್ಟಿ ಬರಿದಾಯಿತು. ಕೈ ತೊಳೆದುಕೊಂಡು ದೀಪ ಹಚ್ಚಿದರು.

ಬನ್ನಿ ಮುಡಿದು ಮಕ್ಕಳು ಊರಿಗೆ ಹೋದವು. ಆರತಿ ಕಂಪ್ಯೂಟರಿನ ಮುಂದೆ ಕೂತಳು. ಮರುಗಳಿಗೆಗೆ ಕೂಗಿದಳು ನೋಡಿ, ಕಟ್ಟೆಯ ಮೇಲಿನ ಬೆಕ್ಕು ಎರಡು ಮನೆ ದಾಟಿ ಮೂರನೆಯ ಮನೆಯಲ್ಲಿ ಇಳಿಯಿತು.

"ಯಾರು ಬುಟ್ಟಿ ಖಾಲಿ ಮಾಡಿದ್ರಿ? ಸುಮಲತಾನ ಪುಸ್ತಕ ಇತ್ತು ಅದರಾಗ!"

ಸುಮಲತಾ ಮೇಲಿನಿಂದ ಓಡಿ ಬಂದಳು. ವಿಷಯ ತಿಳಿದು ಮೆಟ್ಟಿಲ ಮೇಲೇ ಕೂತುಬಿಟ್ಟಳು. ಹಬ್ಬದ ಹಿಂದಿನ ರಾತ್ರಿ ಬುಟ್ಟಿ ತುಂಬಿದ್ದನ್ನು ಆರತಿ ಕಂಡಿದ್ದಳು, ಹಬ್ಬದ ದಿನದಿಂದ ಮಕ್ಕಳಿಗೆ ಆ ಯಂತ್ರ ಮುಟ್ಟಲು ಬಿಟ್ಟಿರಲಿಲ್ಲ. ಅವಳು ಅತ್ತೆಯ ಕಡೆ ನೋಡಿದಳು.

"ಹಬ್ಬಕ್ಕ ಇದನ್ನ ಒರಸಿದಾವ್ರು ನೀವಲ್ರಿ ಅತ್ತಿಯಾರ?"

"ಒರಸೇನಿ. ಮ್ಯಾಲ. ಒಳಗ ಕೈ ಹಾಕಿಲ್ಲ."

"ಏನರೇ ಒತ್ತಿರಬೇಕು ನೋಡ್ರಿ."

"ಒತ್ತಿಲ್ಲ ಅಂದೆ! ಅಲ್ಲಾ, ಕಸದ ಬುಟ್ಟ್ಯಾಗ ಇಟ್ಟ ಮ್ಯಾಲ ಅದು ಕಸಾನ. ಯಾರ ಚೆಲ್ಲಿದ್ರೇನು?"

ಆ ಮಾತೇ ಅಕ್ಕನಿಗೆ ಮುಳುವಾಯಿತು. ಕುಮಾರಸ್ವಾಮಿ ಅಂಗಡಿಯಿಂದ ಬಂದು ಕೇಳಿದವನೇ ತಾಯಿಯ ಮೇಲೆ ಹರಿಹಾಯ್ದ.

"ಯವ್ವಾ, ಮೊದಲ ಹಾಳಿ ಸುಟ್ಟಿ. ಈಗ ಇದು. ಆ ಯಂತ್ರ ಕಂಡ್ರ ನಿನಗ ಆಗೂದಿಲ್ಲ, ಊರಿಗೆಲ್ಲ ಗೊತ್ತೈತಿ. ಒಂದ ಮಾತು ಹೇಳಿಬಿಡು, ನಾ ಮಾಡೇನಿ ಅಂತ."

"ಉರಿಯೂ ದೀಪ ಮುಟ್ಟಿ ಹೇಳ್ತೇನಿ, ನಾ ಮಾಡಿಲ್ಲ!"

"ದೀಪದ ಮ್ಯಾಲ ಸುಳ್ಳು ಬ್ಯಾಡ."

ಊಟಕ್ಕೆ ಕೂತಿದ್ದ ಶಾಂತಯ್ಯ ಮಾವ ತಲೆ ಎತ್ತಿದರು. ಬಾಯಿ ತೆರೆದರು. ಏನೋ ದೊಡ್ಡ ಮಾತು ಹೇಳುತ್ತಾರೆಂದು ಎಲ್ಲರೂ ಅವರ ಮುಖವನ್ನೇ ನೋಡಿದೆವು.

"ಸ್ವಲ್ಪ ಹಾಲು ಹಾಕ್ರಿ" ಅಂದರು.

ಅಕ್ಕನೇ ಹಾಲು ಹಾಕಿದಳು.

ಮರುದಿನ ಕುಮಾರಸ್ವಾಮಿ ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಸೇನಬಾಷಾನನ್ನು ಕೇಳಿಕೊಂಡು ಬಂದ. ಆ ಹುಸೇನಬಾಷಾ ಮಾತಿನಲ್ಲಿ ನನ್ನ ತಮ್ಮನಾಗಬೇಕಿತ್ತು. ಬಾವಿಗೆ ಬಿದ್ದ ಕಂಪ್ಯೂಟರಿನಿಂದಲೂ ಮದುವೆ ಫೋಟೋ ತೆಗೆದಿದ್ದೇನೆ ಎಂದನಂತೆ. ಅವನ ಮಾತನ್ನು ಕುಮಾರಸ್ವಾಮಿ ಊಟದ ಹೊತ್ತಿಗೆ ಎಲ್ಲರಿಗೂ ಒಪ್ಪಿಸಿದ.

"ಅಳಿಸಿದ್ದು ಹೋಗಿರೂದಿಲ್ಲಂತ. ಮನಿ ಮುಂದಿನ ಹೆಸರಿನ ಹಲಗಿ ಕಿತ್ತಂಗ ಅಷ್ಟ. ಒಳಗ ಸಾಮಾನು ಇದ್ದಲ್ಲೇ ಇರ್ತಾವಂತ. ಆದ್ರ ಹಲಗಿ ಇಲ್ಲ, ಮನಿ ಖಾಲಿ ಐತಿ ಅಂತ ಬ್ಯಾರೇದು ಬಂದು ಹೊಕ್ಕಂತಂದ್ರ ಹಳೇ ಸಾಮಾನು ಹಾಳು. ಹಾಂಗಾಗಿ ಯಾರೂ ಯಂತ್ರ ಮುಟ್ಟಬ್ಯಾಡ್ರಿ. ನಾಳೆ ಹುಬ್ಬಳ್ಳಿಗೆ ಒಯ್ತೇನಿ."

"ತಗದಾರೇನು? ಯಾರು, ಎಂದು ಅಳಿಸಿದ್ರು ಅನ್ನೂದೂ ಸಿಗ್ತೈತೇನು?" ಮಾವ ತಾಟು ನೋಡುತ್ತಲೇ ಕೇಳಿದರು.

"ಸಿಗಬಹುದು. ಸಿಗಲಿ, ಒಳ್ಳೇದ ಆತಲ್ಲ."

"ನಾಳೆ ಮಂಗಳವಾರ" ಅಂದರು ಮಾವ. "ಪೂಜಿ ಮಾಡಿದ ಯಂತ್ರ ಮಂಗಳವಾರ ಹೊಸ್ತಿಲಾ ದಾಟಬಾರದು."

ಮಂಗಳವಾರ ಹೋಯಿತು. ಬುಧವಾರ ದಿಕ್ಕು ಸರಿ ಇಲ್ಲವೆಂದರು. ಆಮೇಲೆ, "ಶೀಗಿ ಹುಣ್ಣಿವಿ ಬಂದೈತಿ, ಮುಗೀಲಿ" ಎಂದರು. ಅಂಥ ಹಿರಿಯರ ಮಾತಿಗೆ ಯಾರು ಎದುರಾಡುತ್ತಾರೆ? ಸುಮಲತಾ ಮಾತ್ರ ದಿನಾ ಕೆಳಗಿಳಿದು, ಹೊದಿಕೆ ಹೊದ್ದ ಯಂತ್ರದ ಮುಂದೆ, ದವಾಖಾನೆಯಲ್ಲಿ ಮಲಗಿದವರನ್ನು ನೋಡಲು ಬಂದವಳ ಹಾಗೆ, ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದಳು. ಆಗ ಮಾವ ಕಟ್ಟೆಯಿಂದ ಎದ್ದು ಹಿತ್ತಲಿಗೆ ಹೋಗುತ್ತಿದ್ದರು.

ಅತ್ತೆ ಸೊಸೆಯ ಮಾತು ನಿಂತಿತು. ಅಕ್ಕ ಬಡಿದ ರೊಟ್ಟಿಯನ್ನು ಆರತಿ ತಿನ್ನಲಿಲ್ಲ. ತನಗೆ ಬೇರೆ ಅನ್ನ ಇಟ್ಟುಕೊಂಡಳು. ಅಕ್ಕ ಗೋಡೆಗೆ ಹೇಳುತ್ತಿದ್ದಳು, "ಯಾರರೇ ಉಪ್ಪು ಬೇಕಂದ್ರ ತಗೋಬಹುದು." ಆರತಿ ಬಾಗಿಲಿಗೆ ಹೇಳುತ್ತಿದ್ದಳು, "ಬ್ಯಾಡಾಗಿತ್ತು." ಆ ಗೋಡೆ ಬಾಗಿಲಿಗೆ ಕಿವಿ ಇದ್ದಿದ್ದರೆ ಕಿತ್ತುಕೊಂಡು ಓಡುತ್ತಿದ್ದವು.

ಮಾವ ತುಪ್ಪ ತಿನ್ನುವುದು ಬಿಟ್ಟರು, ಹಾಲು ಕುಡಿಯುವುದು ಬಿಟ್ಟರು. ಓಣಿಯ ಜಗಳ ಬಂದರೆ, "ಇವತ್ತ ಮೈಯಾಗ ಆರಾಮಿಲ್ಲ, ನೀವ ನೀವ ತೀರಿಸ್ಕೋರಿ" ಎಂದು ಬೆಲ್ಲ ಮಾತ್ರ ಕೊಟ್ಟು ಕಳಿಸಿದರು.

ಇನ್ನೊಂದು ನಡೆಯುತ್ತಿತ್ತು. ಮಧ್ಯಾಹ್ನ ಹೆಂಗಸರು ಹಿತ್ತಲಲ್ಲಿದ್ದು, ನಾನು ಒರಗಿಕೊಂಡಾಗ ಪಡಸಾಲೆಯಿಂದ ಕಟ, ಕಟ, ಕಟ ಎಂದು ಸದ್ದು ಬರುತ್ತಿತ್ತು. "ಅಕ್ಕಾ, ಇಲಿ ಆಗ್ಯಾವು" ಎಂದೆ. ಅಕ್ಕ ಯಂತ್ರದ ಹಿಂದೆ, ಸ್ವಿಚ್ಚಿನ ಹತ್ತಿರ, ಕೊಬ್ಬರಿ ಚೂರು ಸಿಕ್ಕಿಸಿ ಇಲಿಬೋನು ಇಟ್ಟಳು. ನಮ್ಮ ಅಪ್ಪ ಸಂತೆಯಿಂದ ತಂದಿದ್ದ ಕಬ್ಬಿಣದ ಹಲ್ಲಿನ ಬೋನು ಅದು. ಒಮ್ಮೆ ನಾಯಿಯನ್ನೇ ಹಿಡಿದಿತ್ತು.

ಶೀಗಿ ಹುಣ್ಣಿಮೆಗೆ ಎಲ್ಲರೂ ಶಿರಗುಪ್ಪಿಯ ನಮ್ಮ ಹೊಲಕ್ಕೆ, ಭೂಮಿತಾಯಿಗೆ ಎಡೆ ಕೊಟ್ಟು ಚರಗ ಚೆಲ್ಲಲು ಹೋದೆವು. ಮಾವ ಜ್ವರವೆಂದು ಮನೆಯಲ್ಲೇ ಉಳಿದರು. ಸಜ್ಜಿರೊಟ್ಟಿ, ಪುಂಡಿಪಲ್ಯ, ಶೇಂಗಾ ಹೋಳಿಗೆ ಎಲ್ಲ ಇತ್ತು, ಉಣ್ಣುವ ಸಂತೋಷ ಮಾತ್ರ ಇರಲಿಲ್ಲ. ಆರತಿ ಗಿಡದ ಆಚೆ ಬದಿಗೆ ಬೆನ್ನು ತಿರುಗಿಸಿ ಕೂತಳು. ಅಕ್ಕನಿಗೆ ತಡೆಯಲಾಗಲಿಲ್ಲ.

"ಭೂಮಿತಾಯಿ ಮುಂದ ಕುಂತೇನಿ ಆರತಿ. ಇಲ್ಲೂ ನನ್ನ ನಂಬೂದಿಲ್ಲೇನು?"

"ನಂಬಬೇಕಂತೇನಿ ಅತ್ತಿಯಾರ. ಆದ್ರ ನೀವಲ್ಲಂದ್ರ ಯಾರ್ರಿ? ಇವ್ರು ಅಂಗಡ್ಯಾಗಿದ್ರು. ಮಾವಾರು ಅಂಥಾ ಕೆಲಸ ಮಾಡಿ ಸುಮ್ಮ ಕುಂದ್ರೂ ಮನಷ್ಯಾರೇನು? ನೀವ ಹೇಳ್ರಿ."

ಅಕ್ಕ ಕೈಯಲ್ಲಿದ್ದ ಹೋಳಿಗೆ ಕೆಳಗಿಟ್ಟು, "ಅಲ್ಲ. ಅವ್ರು ಅಂಥಾವ್ರಲ್ಲ" ಎಂದಳು. ಆಮೇಲೆ ಅದನ್ನು ಮುಟ್ಟಲಿಲ್ಲ.

ನಾವು ಮನೆಗೆ ಬಂದಾಗ ಮಾವನ ಬಲಗೈಯ ತೋರುಬೆರಳಿಗೆ ಅರಿಷಿಣ ಹಚ್ಚಿದ ಬಟ್ಟೆ ಸುತ್ತಿತ್ತು. ಬೆರಳು ಬದನೆಕಾಯಿಯಷ್ಟು ಬಾತಿತ್ತು.

"ಏನಾತ್ರಿ?"

"ಬಾಗಲಾಗ ಸಿಗ್ತು."

ಅಕ್ಕ ಇಲಿಬೋನು ನೋಡಿದಳು. ಕೊಬ್ಬರಿ ಇತ್ತು, ಬೋನು ಮುಚ್ಚಿತ್ತು, ಇಲಿ ಇರಲಿಲ್ಲ. "ಈ ಊರಿನ ಇಲಿ ಭಾಳ ಶಾಣ್ಯಾ" ಎಂದು ನಾನು ನಕ್ಕೆ. ಅಕ್ಕ ನಗಲಿಲ್ಲ.

ಹುಣ್ಣಿಮೆ ಮುಗಿದ ಮರುದಿನ ಕುಮಾರಸ್ವಾಮಿ ಯಾರ ಮಾತೂ ಕೇಳದೆ ಯಂತ್ರವನ್ನು ಕೌದಿಯಲ್ಲಿ ಸುತ್ತಿ ಹುಬ್ಬಳ್ಳಿಗೆ ಒಯ್ದ. ಆ ವಾರದ ಕೊನೆಗೆ ಹುಸೇನಬಾಷಾ ತಾನೇ ಯಂತ್ರ ತೆಗೆದುಕೊಂಡು ಸಪ್ತಾಪುರಕ್ಕೆ ಬಂದ. ಪಡಸಾಲೆಯಲ್ಲಿ ಜೋಡಿಸುತ್ತ, ಚಹಾ ಕುಡಿಯುತ್ತ, ತನ್ನ ಪರಾಕ್ರಮ ಹೇಳುತ್ತ ನಮ್ಮ ಜೀವ ತಿಂದ. ಅಕ್ಕ ಸೆರಗು ಬಿಗಿದು ಮುಂದೆಯೇ ಕೂತಳು. "ನನ್ನ ತಲಿ ಮ್ಯಾಲಿನ ಕಲ್ಲು ಇಳೀಬೇಕು, ಇಲ್ಲಾ ನನ್ನ ಹುಗಿಬೇಕು. ಎರಡರಾಗ ಒಂದು ಇವತ್ತಾಗಲಿ" ಎಂದಳು. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು.

"ಬಂತು ನೋಡ್ರಿ!" ಎಂದ ಹುಸೇನಬಾಷಾ.

ಖರೇನೇ ಬಂತು. ಪರದೆಯ ಮೇಲೆ ಸುಮಲತಾಳ ಅಧ್ಯಾಯ. ಸುಳ್ಳದ ಹೊಲಗಳು ಒಂದೊಂದಾಗಿ ಎದ್ದು ಬಂದವು. ಸುಮಲತಾ ಗಟ್ಟಿಯಾಗಿ ಓದುತ್ತ ಅಳುತ್ತಿದ್ದಳು. ಅತ್ತೆ ಸೊಸೆ ಮಾತು ಬಿಟ್ಟದ್ದನ್ನು ಮರೆತು ಒಬ್ಬರ ಕೈ ಒಬ್ಬರು ಹಿಡಿದಿದ್ದರು.

"ಈಗ ಶಿರಗುಪ್ಪಿ" ಎಂದಳು ಸುಮಲತಾ. "ಅತ್ತಿ ಅತ್ತ ಹೊಲ. ಈ ಹೊಲಕ್ಕೆ ಈ ಹೆಸರು ಬರಲು ಕಾರಣವೇನೆಂದರೆ..."

ಅಲ್ಲಿಗೆ ನಿಂತಳು. ಮುಂದಿನ ಸಾಲಿನಲ್ಲಿ ಇದ್ದದ್ದು 'ಓಂ ನಮಃ ಶಿವಾಯ'. ಅದರ ಕೆಳಗೆ ಓಂ ನಮಃ ಶಿವಾಯ. ಅದರ ಕೆಳಗೂ ಅದೇ. ಹುಸೇನಬಾಷಾ ಕೆಳಗೆ ಇಳಿಸಿದ. ಪುಟ ತುಂಬ ಅದೇ. ಇನ್ನೂ ಇಳಿಸಿದ. ಶಿರಗುಪ್ಪಿಯ ಒಂದು ಹೊಲವೂ ಉಳಿದಿರಲಿಲ್ಲ. ಎಲ್ಲದರ ಮೇಲೂ ಶಿವ ಕೂತಿದ್ದ.

"ಇದು ಆಮ್ಯಾಲೆ ಬಂದು ಹೊಕ್ಕದ್ರಿ" ಎಂದ ಹುಸೇನಬಾಷಾ. "ಬ್ಯಾಡ ಅಂದ್ರೂ ಯಾರೋ ಕುಂತು ಬರದಾರ, ಉಳಿಸ್ಯಾರ. ಭಾಳ ಭಕ್ತಿಲೆ ಬಡದಾರ ಬಿಡ್ರಿ. ಯಾವ ಹೊತ್ತಿನಾಗ ಉಳಿಸ್ಯಾರ ಅನ್ನೂದೂ ಒಳಗ ಐತ್ರಿ, ದಿನಾ ಮಧ್ಯಾಹ್ನ. ಹುಣ್ಣಿವಿ ದಿನ ಅಂತೂ ಊಟಾನೂ ಮಾಡಿಲ್ಲ ಮನಷ್ಯಾ."

ಆರತಿ ಗುಂಡಿಗಳ ಮೇಲಿನ ಕೆಂಪು ಶಾಯಿಯ ಚೀಟಿ ನೋಡಿದಳು. ಅಕ್ಕ ಮಾವನ ಬಾತ ಬೆರಳು ನೋಡಿದಳು. ನಾನು ನೆಲ ನೋಡಿದೆ. ಆ ಮುಖವನ್ನು ನೋಡುವ ಧೈರ್ಯ ನನಗಿರಲಿಲ್ಲ.

"ದೇವರ ಹೆಸರು ಬರದ್ರ ತಿರುಗಿ ಕೊಡ್ತಾನ ಅಂತ ತಿಳಕೊಂಡೆ" ಎಂದರು ಮಾವ. ದನಿ ಮಗುವಿನದಾಗಿತ್ತು. "ಮುಟ್ಟಬ್ಯಾಡ್ರಿ ಅಂದದ್ದು ಕೇಳೇನಿ. ಶಿವನ ಹೆಸರಿಗೆ ಯಾವ ಮುಟ್ಟುಚಟ್ಟು ಅಂತ... ಆ ಬುಟ್ಟೀನೂ ನಾನ ಖಾಲಿ ಮಾಡೇನಿ. ಹಬ್ಬದ ದಿನ. ದೀಪಾ ಹಚ್ಚೂ ಮುಂದ. ಕಸಾ ಅಂತ ತಿಳದೆ."

"ಬುಟ್ಟಿ ಖಾಲಿ ಮಾಡಿದ್ದಕ್ಕ ನಾ ಏನೂ ಅನ್ನಂಗಿಲ್ಲ" ಎಂದಳು ಅಕ್ಕ. ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ಮಗಾ ನನಗ ದೀಪದ ಮ್ಯಾಲ ಸುಳ್ಳು ಹೇಳ್ತಿ ಅಂದಾಗ ನೀವು ಅಲ್ಲೇ ಉಣ್ಣಾಕ ಕುಂತಿದ್ರಿ. ಬಾಯಿ ತಗದ್ರಿ. ಹಾಲು ಕೇಳಿದ್ರಿ. ನಾನ ಹಾಕಿದೆ."

ಮಾವ ಚೌಕಟ್ಟು ಹಿಡಿದೇ ನಿಂತರು.

"ಹೊಲದಾಗ ನಿಮ್ಮ ಪರವಾಗಿ ಸಾಕ್ಷಿ ಹೇಳಿ ಬಂದೇನ್ರಿ ನಾ. ಅವ್ರು ಅಂಥಾವ್ರಲ್ಲ ಅಂತ."

ಆರತಿ ಯಂತ್ರದ ಮುಂದೆ ಕೂತು, ಗುಂಡಿಗಳಿಗೆ ಅಂಟಿಸಿದ್ದ ಚೀಟಿಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತಳು. ಕಿತ್ತದ್ದನ್ನು ಅಂಗೈಯಲ್ಲಿ ಕೂಡಿಸಿ ಹಿಡಿದು ಅಡುಗೆಮನೆಗೆ ಹೋದಳು. "ಅತ್ತಿಯಾರ, ಎಸರು ಇಡ್ಲೇನ್ರಿ?" ಎಂದು ಕೇಳಿದ್ದು ಕೇಳಿಸಿತು. ಅಕ್ಕ ಎದ್ದು ಒಳಗೆ ಹೋದಳು. ಹುಸೇನಬಾಷಾನಂಥ ಹುಸೇನಬಾಷಾ ಕೂಡ ಅರ್ಧ ಚಹಾ ಬಿಟ್ಟು ಸದ್ದಿಲ್ಲದೆ ಚಪ್ಪಲಿ ಮೆಟ್ಟಿ ಹೊರಟ.

ಕುಮಾರಸ್ವಾಮಿ ಆ ರಾತ್ರಿ ತಾಯಿಯ ಮುಂದೆ ಮಿಠಾಯಿ ಪೊಟ್ಟಣ ಇಟ್ಟು, "ಯವ್ವಾ..." ಎಂದ.

"ಹೋಗೋ. ಹೇಳೂ ಹೊತ್ತಿನಾಗ ಬಾಯಿಗೆ ಬೀಗ. ನಿಮ್ಮಪ್ಪನ ಮಗಾನ ನೀ" ಎಂದಳು ಅಕ್ಕ. ಆದರೆ ಮಿಠಾಯಿ ತಿರುಗಿ ಕೊಡಲಿಲ್ಲ.

ದೀಪಾವಳಿ ಹತ್ತಿರ ಬರುತ್ತಿತ್ತು. ಶಿರಗುಪ್ಪಿಯ ಹೊಲಗಳಿಲ್ಲದೆ ಸುಮಲತಾಳ ಪುಸ್ತಕ ಅರ್ಧ. ನಾನೇ ಮತ್ತೆ ಹೇಳುತ್ತೇನೆಂದೆ. ಹುಡುಗಿ ಕೈ ಮುಗಿದಳು. "ಕಾಕಾ, ನೀವು ಒಂದ ಹೊಲಕ್ಕ ಮೊದಲ ಒಂದು ಹೇಳಿದ್ರಿ, ನಿನ್ನೆ ಕೇಳಿದ್ರ ಮತ್ತೊಂದು ಹೇಳಿದ್ರಿ." ನಾನು ಮೊಣಕಾಲು ತಿಕ್ಕಿಕೊಂಡೆ.

ಮರುದಿನ ಮುಂಜಾನೆ ಮಾವ ಕೋಟು ತೊಟ್ಟು, ರುಮಾಲು ಸುತ್ತಿ, ಹೊಸ ನೋಟುಬುಕ್ಕು ಹಿಡಿದು ಮೆಟ್ಟಿಲ ಕೆಳಗೆ ನಿಂತಿದ್ದರು. "ಸುಮಲತಾ, ನಡೀವಾ. ಹೊಲಾ ಹೊಲಾ ತಿರಗೂಣು. ನೀ ಕೇಳು, ನಾ ಬರಕೋತೇನಿ. ಕೈಲೆ." ದಾರಿ ತೋರಿಸಲೆಂದು ನನ್ನನ್ನೂ ಕರೆದರು. ಅಕ್ಕ ರೊಟ್ಟಿ ಬುತ್ತಿ ಕಟ್ಟಿ ಸುಮಲತಾಳ ಕೈಗೆ ಕೊಟ್ಟಳು, ಅವರ ಕೈಗೆ ಕೊಡಲಿಲ್ಲ.

ಶಿರಗುಪ್ಪಿಯಲ್ಲಿ ಬಸ್ಸು ಇಳಿದ ಮೇಲೆ ಮೊದಲನೆಯದು ಸಿದ್ದಪ್ಪನ ಹೊಲ. ಊರಿನ ಅಳಿಯನಾದ ಜಂಗಮ ಅಯ್ಯನವರು ಬದುವಿನ ಮೇಲೆ ಬರುವುದು ಕಂಡದ್ದೇ ಸಿದ್ದಪ್ಪ ಎಡೆಕುಂಟೆ ಹೊಡೆಯುವುದು ಬಿಟ್ಟು ಓಡಿ ಬಂದು ಕಾಲಿಗೆ ಬಿದ್ದ.

"ಅಯ್ಯಾರ, ಹೇಳಿ ಕಳಿಸಿದ್ರ ನಾನ ಬರ್ತಿದ್ನಲ್ರಿ! ಈ ಬಿಸಲಾಗ ಯಾಕ ಬಂದ್ರಿ?"

ಹೊಲದ ಹೆಸರು ಕೇಳಲು ಬಂದೆವು ಎಂದರೆ ಮುಗಿಯುತ್ತಿತ್ತು. ಸುಮಲತಾ ಅದನ್ನೇ ಹೇಳಲು ಹೊರಟಳು. ಮಾವ ಕೈಯೆತ್ತಿ ತಡೆದರು.

"ಏಳು ಸಿದ್ದಪ್ಪ, ಕಾಲಿಗೆ ಬೀಳಬ್ಯಾಡ. ಈ ಹುಡುಗಿ ಬರದಿದ್ದನ್ನ ನಾನ ಚೆಲ್ಲಿದೆ. ಚೆಲ್ಲಿದ್ದನ್ನ ಹೇಳಲಿಲ್ಲ. ನಮ್ಮ ಮನ್ಯಾಕಿ ತಲಿ ಮ್ಯಾಲ ಬಿತ್ತು, ನಾ ಸುಮ್ಮ ಉಂಡೆ. ಅದಕ್ಕ ಬಂದೇನಿ. ಈಗ ಹೇಳು, ಈ ಹೊಲಕ್ಕ ಏನಂತಾರ?"

ಸಿದ್ದಪ್ಪ ರುಮಾಲು ತೆಗೆದು ಮತ್ತೆ ಸುತ್ತಿಕೊಂಡ. "ಗುಬ್ಬಿ ಪಟ್ಟಿ ಅಂತಾರ್ರಿ" ಎಂದ ಮೆಲ್ಲಗೆ.

ಬದುವಿನಿಂದ ಬದುವಿಗೆ ಹೋದೆವು. ಪ್ರತಿ ಹೊಲದಲ್ಲೂ ಯಾರಾದರೂ ಕಾಲಿಗೆ ಬೀಳಲು ಬರುತ್ತಿದ್ದರು, ಪ್ರತಿ ಹೊಲದಲ್ಲೂ ಮಾವ ಮೊದಲು ಅದನ್ನೇ ಹೇಳುತ್ತಿದ್ದರು. ಹುಲಗಪ್ಪ ಎಂಬ ಮುದುಕ ನಕ್ಕು, "ಇದೇನ್ ದೊಡ್ಡದ ಬಿಡ್ರಿ ಅಯ್ಯಾರ, ಹೆಂಗಸ್ರು ಬೈಸ್ಕೊಳ್ಳೂದ ಇರ್ತೈತಿ" ಎಂದ. ಮಾವ ಅಲ್ಲಿ ನೀರನ್ನೂ ಕುಡಿಯಲಿಲ್ಲ. ಅವನ ಹೆಂಡತಿ ಕೈಯಲ್ಲಿದ್ದ ಕುಡುಗೋಲು ಕೆಳಗಿಟ್ಟು, ಮಾವನ ಕಡೆ ನೋಡಿ, "ಹೊಲದ ಹೆಸರು ನಾ ಹೇಳ್ತೇನಿ ಬರಕೋರಿ" ಎಂದಳು. ಅತ್ತಿ ಅತ್ತ ಹೊಲದ ಕತೆ ಖರೇ ಏನೆಂದು ಅವಳಿಂದಲೇ ತಿಳಿಯಿತು. ನಾನು ಹೇಳಿದ್ದಕ್ಕಿಂತ ಚೆನ್ನಾಗಿತ್ತು, ಆ ಮಾತು ಬಿಡಿ. ಬಾತ ಬೆರಳಿನಲ್ಲಿ ಪೆನ್ನು ಹಿಡಿದು ಮಾವ ಬರೆಯುತ್ತಲೇ ಇದ್ದರು.

ಪುಸ್ತಕವನ್ನು ಹೊತ್ತಿಗೆ ಸರಿಯಾಗಿ ಒಪ್ಪಿಸಿದ್ದಾಯಿತು. ಹೊಸ ಹಾಳೆಗಳನ್ನು ಟೈಪ್ ಮಾಡಿಕೊಟ್ಟವಳು ಆರತಿಯೇ. ಮಾವ ಓದಿ ಹೇಳುತ್ತಿದ್ದರು, ಅವಳು ಬಡಿಯುತ್ತಿದ್ದಳು. ಓದಿದ್ದು ಬಿಟ್ಟರೆ ಬೇರೆ ಒಂದು ಮಾತೂ ಇಬ್ಬರ ನಡುವೆ ಹಾಯಲಿಲ್ಲ.

ದೀಪಾವಳಿಯ ಸಂಜೆ ಅಕ್ಕ ಕಸ ಗುಡಿಸಿ, ಬುಟ್ಟಿ ತಂದು ಮಾವನ ಮುಂದೆ ಇಟ್ಟಳು. "ಚೆಲ್ಲಿ ಬರ್ರಿ. ದೀಪಾ ಹಚ್ಚಬೇಕು."

ಮಾವ ಬುಟ್ಟಿ ಎತ್ತಿಕೊಂಡರು. ಹೊಸ್ತಿಲ ತನಕ ಹೋಗಿ ನಿಂತರು. ಒಳಗೆ ತಿರುಗಿ ಕೇಳಿದರು.

"ಇದರಾಗ ಯಾರದರೇ ಏನರೇ ಐತೇನು?"

ಅಕ್ಕ ಸುಮ್ಮನಿದ್ದಳು. ಆರತಿಯೂ ಸುಮ್ಮನಿದ್ದಳು. ಮಾವ ಹೊಸ್ತಿಲಲ್ಲಿ ಕೂತು, ಮೇಲಿನ ಸಿಪ್ಪೆ, ಕೆಳಗಿನ ಧೂಳು ಎಲ್ಲ ಬೆರಳಿನಿಂದ ಕೆದರಿ ನೋಡಿ, ಆಮೇಲೆ ಚೆಲ್ಲಿ ಬಂದರು. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ದಿನಾ ಕೇಳುವುದು, ಉತ್ತರ ಬರದಿರುವುದು, ಕೂತು ಕೆದರುವುದು. ಓಣಿಯ ಜನ ಕಂಡರು. ಕಾಣಲಿ ಎಂದೇ ಬಾಗಿಲು ತೆರೆದಿಡುತ್ತಿದ್ದರೋ ಏನೋ.

ಎಳ್ಳಮಾವಾಸ್ಯೆ ಸಮೀಪಿಸಿದಾಗ ನಾನು ಊರಿಗೆ ಹೊರಟಿದ್ದೆ. ಮೊಣಕಾಲಿಗೂ ನಾಚಿಕೆ ಬಂದಿತ್ತು. ಆ ಸಂಜೆ ಮಾವ ಬುಟ್ಟಿ ಹಿಡಿದು ಹೊಸ್ತಿಲಲ್ಲಿ ನಿಂತರು.

"ಇದರಾಗ ಯಾರದರೇ ಏನರೇ ಐತೇನು?"

ಅವರು ಕೆದರಲು ಬಗ್ಗುವಷ್ಟರಲ್ಲಿ ಅಡುಗೆಮನೆಯಿಂದ ಆರತಿಯ ದನಿ ಬಂತು.

"ಏನಿಲ್ರಿ ಮಾವಾರ. ಚೆಲ್ರಿ."

ಬಗ್ಗುತ್ತಿದ್ದ ಮಾವ ನೆಟ್ಟಗಾದರು. ಆಮೇಲೆ ಕಸ ಚೆಲ್ಲಿ ಬಂದು ಕೈ ತೊಳೆದರು. ದೀಪ ಅಕ್ಕ ಹಚ್ಚಿದಳು.

ಇಷ್ಟೇ. ಶಾಂತಯ್ಯ ಮಾವ ಇದನ್ನು ಶಿರಗುಪ್ಪಿಯ ಎಲ್ಲ ಹೊಲಗಳಿಗೂ ಹೇಳಿದ್ದಾರೆ, ಹಾಗಾಗಿ ನಾನು ನಿಮಗೆ ಹೇಳಿದರೆ ಚಾಡಿಯಲ್ಲ. ಈಗ ನಿಮ್ಮ ಸರದಿ. ನೋಡಿ, ದೀಪ ಹಚ್ಚುವ ಹೊತ್ತಾಯಿತು. ನೀವು ಮಾಡಿ ಮನೆಯ ಇನ್ನೊಬ್ಬರ ತಲೆಗೆ ಹಾಕಿ ಸುಮ್ಮನೆ ಉಂಡದ್ದು ಒಂದಾದರೂ ಇರಬೇಕಲ್ಲ? ಕತೆ ಕೇಳುತ್ತ ಎರಡು ಸಲ ಬೇರೆ ಕಡೆ ನೋಡಿದಿರಿ, ನನಗೆ ಕಂಡಿತು. ಅದನ್ನು ಬಾಯಿ ಬಿಟ್ಟು ಹೇಳಿರಿ. ಹೇಳಲು ನಾಚಿಕೆಯಾದರೆ ಎದುರಿನ ಅಂಗಡಿಯಿಂದ ನನಗೊಂದು ಪ್ಲೇಟು ಗಿರಮಿಟ್ ತರಿಸಿರಿ, ಜೊತೆಗೆ ಮಿರ್ಚಿ ಇರಲಿ. ಅದು ಬಾಯಲ್ಲಿರುವ ತನಕ ನಾನು ನಿಮ್ಮ ಮನೆಯವರನ್ನು ಏನೂ ಕೇಳುವುದಿಲ್ಲ.